ಮಾವನವರು ಕುಟ್ಟಿದ ಸುಣ್ಣಕಲ್ಲು

ಚಿನ್ನದ ಗಣಿಯ ಜನರನ್ನು ಕಂಡರೆ ನನಗೊಂದು ಹಳೆಯ ತಾತ್ಸಾರವಿತ್ತು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅವರ ಕೈಗೆ ಯಾವ ಕಲ್ಲನ್ನಾದರೂ ಕೊಡಿ, ಉಗುಳು ಸವರಿ ಒದ್ದೆ ಮಾಡಿ, ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಾರೆ. ಮಿಂಚಿದರೆ ಕಲ್ಲು, ಇಲ್ಲದಿದ್ದರೆ ಕಸ. ಭೂಮಿ ಕೋಟ್ಯಂತರ ವರ್ಷ ಬೆಂದದ್ದೆಲ್ಲ ಇವರ ಮನೆಯವರ ಮೂಗುತಿಗಾಗಿ ಎಂಬ ಧೋರಣೆ. ಎಂಬತ್ತರ ದಶಕದಲ್ಲಿ ಗಣಿ ಸೊರಗುತ್ತಾ ಬಂದರೂ ಗಣಿಯೂರಿಗೆ ಹೋಗುವ ಮಾರಿಕುಪ್ಪಂ ರೈಲಿನಲ್ಲಿ ಇವರ ಜಂಬಕ್ಕೆ ಮಾತ್ರ ಸೀಟು ಸಾಲುತ್ತಿರಲಿಲ್ಲ.

ನಾನು ಬಂಗಾರಪೇಟೆಯಲ್ಲಿ ವಿಜ್ಞಾನದ ಮೇಷ್ಟ್ರು. ನನ್ನ ಬಳಿಯೂ ಒಂದು ಕಲ್ಲಿತ್ತು. ಕಾಲೇಜಿನ ನನ್ನ ಗುರುಗಳು ತಮಿಳುನಾಡಿನ ಯಾವುದೋ ಸುಣ್ಣಕಲ್ಲಿನ ಕ್ವಾರಿಯಿಂದ ತಂದು ಕೊಟ್ಟದ್ದು. ಮುಷ್ಟಿಗಾತ್ರ, ಬೂದು ಬಣ್ಣ, ಬೆರಣಿಯಷ್ಟೂ ಅಂದವಿಲ್ಲ. ಮೇಲೊಂದು ಚೀಟಿ: ‘ಹಸಿರು ಪಾಚಿಯ ಪಳೆಯುಳಿಕೆ’.

ಪಾಚಿ ಎಂದರೆ ಬಚ್ಚಲಲ್ಲಿ ಕಾಲು ಜಾರಿಸುವುದು ಮಾತ್ರ ಎಂದುಕೊಳ್ಳಬೇಡಿ. ಕೆಲವು ಹಸಿರು ಪಾಚಿಗಳು ಸಮುದ್ರದ ನೀರಿನಿಂದ ಸುಣ್ಣ ಹೀರಿ ಮೈಸುತ್ತ ಕವಚ ಕಟ್ಟಿಕೊಳ್ಳುತ್ತವೆ. ಪಾಚಿ ಸಾಯುತ್ತದೆ, ಕವಚ ಕೆಸರಿನಲ್ಲಿ ಹೂತು ಕಲ್ಲಾಗುತ್ತದೆ. ಅಂಥ ಕಲ್ಲು ಸಿಕ್ಕಿದ ಕಡೆ ಒಂದು ಕಾಲಕ್ಕೆ ಬಿಸಿಲು ತಳ ಮುಟ್ಟುವ ತೆಳು ಸಮುದ್ರವಿತ್ತೆಂದು ಅರ್ಥ. ನಮ್ಮ ಊರಿನವರೋ, ಅಂಥ ಸಮುದ್ರವನ್ನೇ ಸುಟ್ಟು, ಅರಳಿಸಿ, ವೀಳ್ಯದೆಲೆಗೆ ಸವರಿ, ಅಗಿದು ಪ್ಲಾಟ್‌ಫಾರಂ ಮೇಲೆ ಉಗಿಯುತ್ತಿದ್ದರು.

ಆ ವರ್ಷ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಬಂಗಾರವಿಲ್ಲದ ಕಲ್ಲಿಗೂ ಮರ್ಯಾದೆ ಉಂಟೆಂದು ಈ ಜನಕ್ಕೆ ತೋರಿಸಿಯೇ ತೀರಬೇಕೆಂಬ ಹಟ ನನಗೆ. ಹಿಂದಿನ ದಿನ ಕಲ್ಲನ್ನು ತೊಳೆದು ಜಗಲಿಯ ಮೇಲೆ ಒಣಗಲಿಟ್ಟು, ಗಾಜಿನ ಪೆಟ್ಟಿಗೆ ತರಲು ಪೇಟೆಗೆ ಹೋದೆ. ಅಷ್ಟರಲ್ಲಿ ಕ್ಯಾಸಂಬಳ್ಳಿಯಿಂದ ಹುರುಳಿಕಾಯಿ ಚೀಲದೊಂದಿಗೆ ಮಾವನವರು ಬಂದಿದ್ದರು. ಮೂವತ್ತು ವರ್ಷ ಗಣಿಯಲ್ಲಿ ಅದಿರು ಕುಟ್ಟಿ ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತರಾದವರು. ನಾನು ವಾಪಸಾದಾಗ ಹಿತ್ತಲಲ್ಲಿ ಕೂತು, ಅಂಚಿನ ತಟ್ಟೆಯಲ್ಲಿ ಬೂದು ಪುಡಿಯನ್ನು ಅಕ್ಕಿಯಂತೆ ಜಾಲಿಸುತ್ತಿದ್ದರು. ಪಕ್ಕದಲ್ಲಿ ನಮ್ಮ ಮನೆಯ ಕಬ್ಬಿಣದ ಕುಟ್ಟಾಣಿ.

“ಮೇಷ್ಟ್ರೇ, ಇದ್ರಾಗೆ ಏನೂ ಇಲ್ಲ. ಎರಡ್ ಸಲ ಜಾಲಿಸ್ದೆ, ಸಾಸ್ವೆಯಷ್ಟೂ ಇಲ್ಲ. ಯಾವನೋ ನಿಮ್ಗೆ ಟೋಪಿ ಆಕವ್ನೆ” ಎಂದರು, ಅಳಿಯನ ಮೇಲಿನ ನಿಜವಾದ ಮರುಕದಿಂದ.

ನನಗೆ ಅಳು ಬರುವಷ್ಟು ಸಿಟ್ಟು ಬಂತು. “ಬಂಗಾರ ಇಲ್ಲ ಅಂತ ನನಗೂ ಗೊತ್ತು ಮಾವ. ಅದರೊಳಗೆ ಪಾಚಿ ಇತ್ತು. ನಿಮ್ಮ ಜನಕ್ಕೆ ಹಳದಿ ಬಿಟ್ಟರೆ ಬೇರೆ ಬಣ್ಣವೇ ಕಾಣೋದಿಲ್ಲ.”

ಅವರು ಬೇಸರಪಡಲಿಲ್ಲ. “ಪಾಚಿನಾ? ಎಂಗಿತ್ತು ಅದು?”

“ಉಂಡುಂಡಾಗಿ...” ಎಂದು ಶುರುಮಾಡಿ ತಡವರಿಸಿದೆ. ಪುಸ್ತಕದ ಚಿತ್ರ ಬಿಟ್ಟು ಬೇರೇನೂ ನೆನಪಿಗೆ ಬರಲಿಲ್ಲ. “ಹನ್ನೆರಡು ವರ್ಷದಿಂದ ಇಟ್ಕೊಂಡಿದ್ದೀನಿ” ಎಂದೆ.

“ಇಟ್ಕೊಂಡಿದ್ದು ಸರಿ. ನೋಡಿದ್ರಾ ಅಂತ ಕೇಳ್ದೆ.”

ನೋಡಿರಲಿಲ್ಲ. ಒಡೆದರೆ ಹಾಳಾದೀತೆಂದು ಒಡೆದಿರಲಿಲ್ಲ, ಉಜ್ಜಿದರೆ ಸವೆದೀತೆಂದು ಉಜ್ಜಿರಲಿಲ್ಲ. ಹನ್ನೆರಡು ವರ್ಷ ಮಕ್ಕಳ ಮುಂದೆ ನಾನು ಎತ್ತಿ ಹಿಡಿದದ್ದು ಆ ಚೀಟಿಯನ್ನು.

ಮಾವನವರು ಕುಟ್ಟಾಣಿಯ ಬುಡದಲ್ಲಿ ಸಿಡಿದು ಬಿದ್ದಿದ್ದ ಹುಣಸೆಬೀಜದಷ್ಟು ಚೂರನ್ನು ಹುಡುಕಿ, ನೀರು ಚಿಮುಕಿಸಿ ಒರಳುಕಲ್ಲಿನ ಅಂಚಿಗೆ ಉಜ್ಜತೊಡಗಿದರು. ಅರ್ಧ ಗಂಟೆ ಉಜ್ಜಿರಬೇಕು. ಮುಖ ನುಣುಪಾದ ಮೇಲೆ ನನ್ನ ಭೂತಗನ್ನಡಿ ಇಸಿದುಕೊಂಡು ನೋಡಿ, ಚೂರನ್ನು ಬೆಳಕಿಗೆ ತಿರುಗಿಸಿ ಮತ್ತೊಮ್ಮೆ ನೋಡಿದರು.

“ಸಣ್ಣ ಸಣ್ಣ ಬಳೆ ಅವೆ. ಸುತ್ತ ತೂತು ತೂತು. ಬನ್ನಿ, ನೀವೂ ಒಂದ್ ಕಿತ ನೋಡಿ. ನಾಳೆ ಎಲ್ರಿಗೂ ಏಳೋರು ನೀವಲ್ವಾ.”

ನೋಡಿದೆ. ಪಾಚಿ ಬಿಟ್ಟುಹೋದ ಕವಚ: ಬಳೆಗಳಿದ್ದವು, ತೂತುಗಳಿದ್ದವು. ಹಸಿರು ಮಾತ್ರ ಎಲ್ಲೂ ಇರಲಿಲ್ಲ.

ಮಾರನೆಯ ದಿನ ಪ್ರದರ್ಶನದಲ್ಲಿ ಆ ಚೂರನ್ನೇ ಇಟ್ಟು, ಪಕ್ಕದಲ್ಲಿ ಭೂತಗನ್ನಡಿ ಇಟ್ಟೆ. ಜನ ಸಾಲುಗಟ್ಟಿ ನೋಡಿದರು. ಇನ್ನು ನನ್ನ ತಾತ್ಸಾರ: ಅಷ್ಟು ವರ್ಷ ಜೋಪಾನ ಮಾಡಿದ್ದನ್ನು ಒಮ್ಮೆಲೇ ಬಿಸಾಡಲು ಮನಸ್ಸಾಗಲಿಲ್ಲ. ಈಗ ಅದನ್ನು ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುವಾಗ, ಕನ್ನಡಿಯೊಳಗಿನ ಮೇಷ್ಟ್ರ ಮೇಲೆ ಉಪಯೋಗಿಸುತ್ತೇನೆ.