ಮರಿ ನಳಿಗೆ ಸಹಿತ

2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ನಾನು ಮದ್ದೂರಿನಲ್ಲಿ ದಿನಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಚುನಾವಣೆ ಬಂತೆಂದರೆ ಪರವಾನಗಿ ಇರುವ ಬಂದೂಕುಗಳನ್ನೂ ಠಾಣೆಗೆ ಒಪ್ಪಿಸಬೇಕು. ಚಿಕ್ಕರಸಿನಕೆರೆಯ ನಿವೃತ್ತ ಪಿ.ಟಿ. ಮೇಷ್ಟ್ರು ಸಿದ್ದೇಗೌಡರು ರೈಫಲ್ಲಿನ ಜೊತೆ ಒಂದು ಮರದ ಪೆಟ್ಟಿಗೆಯನ್ನೂ ತಂದಿಟ್ಟರು. ಒಳಗೆ ಇನ್ನೊಂದು ನಳಿಗೆ. ಪರವಾನಗಿಯಲ್ಲಿ ಇದ್ದದ್ದು ಒಂದೇ ರೈಫಲ್. ‘ದಾಖಲೆಯಿಲ್ಲದ ನಳಿಗೆ ಪತ್ತೆ’ ಎಂದು ಠಾಣೆಯಿಂದ ಟಿಪ್ಪಣಿ ಬಂತು. ಅಂದು ಹನ್ನೊಂದು ಸುದ್ದಿ ಕಳಿಸಬೇಕಿತ್ತು. ‘ನಿವೃತ್ತ ಶಿಕ್ಷಕರ ಬಳಿ ಅಕ್ರಮ ಬಂದೂಕು’ ಎಂದು ಆರು ಸಾಲು ಬರೆದೆ. ಅವರಿಗೆ ಫೋನ್ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಮೇಷ್ಟ್ರು ಪತ್ರಿಕೆ ಹಿಡಿದು ಬಂದರು.

“ಎಲ್ಲಪ್ಪಾ ಬಂದೂಕು? ಅದ್ಕೆ ಕುದುರೆ ಐತಾ, ಹಿಡಿ ಐತಾ? ನೋಡ್ದೆ ಬರ್ದ್‌ಬುಟ್ಟಲ್ಲ!”

ಅದು ಹಳೆಯ ಕನ್ವರ್ಷನ್ ಕಿಟ್. ರೈಫಲ್ಲಿನ ನಳಿಗೆ, ಗುಂಡು ಒಳತಳ್ಳುವ ಬೋಲ್ಟ್ ಎರಡನ್ನೂ ಬಿಚ್ಚಿ ಇದನ್ನು ಕೂರಿಸಿದರೆ .22 ರಿಮ್‌ಫೈರ್, ಅಂದರೆ ತಳದ ಅಂಚಿಗೆ ಪೆಟ್ಟು ಬಿದ್ದು ಸಿಡಿಯುವ ಸಣ್ಣ ತೋಟಾ, ಹೊಡೆಯಬಹುದು. ಸದ್ದು ಕಡಿಮೆ, ಒದೆತ ಇಲ್ಲವೆನ್ನುವಷ್ಟು. ಭುಜ ಮುರಿದುಕೊಂಡಿದ್ದ ಮೇಷ್ಟ್ರು ದೊಡ್ಡ ತೋಟಾ ತಾಳಲಾರದೆ, ಭಾನುವಾರಗಳಂದು ರೇಂಜಿನಲ್ಲಿ ಇದರಿಂದಲೇ ಗುರಿ ಹೊಡೆಯುತ್ತಿದ್ದರು.

ಖಚಿತಪಡಿಸಿಕೊಳ್ಳಲು ಮಂಡ್ಯದ ಬಂದೂಕು ವ್ಯಾಪಾರಿಯೊಬ್ಬರನ್ನು ಕೇಳಿದೆ. “ಅದ್ರ ರೈಫಲ್ ಜೊತ್ಗಿದ್ರೆ ಬಂಗಾರ ಕಣ್ರೀ, ಬೇರೆ ಮಾಡುದ್ರೆ ಗುಜರಿ,” ಎಂದರು. ಪ್ರತಿ ಕಿಟ್ಟನ್ನೂ ಒಂದೊಂದು ರೈಫಲ್ಲಿಗೆ ಉಜ್ಜಿ ಹೊಂದಿಸಿರುತ್ತಾರಂತೆ.

ಮೇಷ್ಟ್ರ ಅಟ್ಟದಲ್ಲಿ ಹಳೆಯ ಪರವಾನಗಿ ಪುಸ್ತಕ ಸಿಕ್ಕಿತು. ‘ರೈಫಲ್ ಒಂದು, ಮರಿ ನಳಿಗೆ ಸಹಿತ.’ ಯಾವನೋ ಗುಮಾಸ್ತ ಬೇರೆ ಪದ ಕಾಣದೆ ಹಾಗೆ ಬರೆದಿದ್ದ. ಹೊಸ ಪುಸ್ತಕಕ್ಕೆ ಇಳಿಸುವಾಗ ಆ ಮಾತು ಬಿಟ್ಟುಹೋಗಿತ್ತು.

“ಇದೇನ್ ಮೇಷ್ಟ್ರೇ, ಕುರಿ ಲೈಸೆನ್ಸಾ? ಮರೀನೂ ಬರ್ದವ್ರೆ!” ಎಂದು ಠಾಣೆಯಲ್ಲಿ ಅದನ್ನೋದಿ ಇನ್ಸ್‌ಪೆಕ್ಟರ್ ನಕ್ಕರು. ಕೇಸು ಆಗಲಿಲ್ಲ. ನಮ್ಮ ಪತ್ರಿಕೆ ಏಳನೇ ಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿತು.

ಚುನಾವಣೆ ಮುಗಿದ ಮೇಲೆ ರೈಫಲ್ ಮರಳಿತು. ಕಿಟ್ ಮರಳಬೇಕಾದರೆ ಹೊಸ ಪುಸ್ತಕದಲ್ಲಿ ನಮೂದಾಗಬೇಕಿತ್ತು. ನಾಲ್ಕು ತಿಂಗಳಾದರೂ ಆಗಲಿಲ್ಲ. ನಾನೂ ಮೇಷ್ಟ್ರ ಜೊತೆಗೆ ಪರವಾನಗಿ ಕೊಡುವ ಕಚೇರಿಗೆ ಹೋದೆ. ಕಡತದ ಮೇಲೆಯೇ ನನ್ನ ಆರು ಸಾಲನ್ನು ಪಿನ್ ಮಾಡಿದ್ದರು. ತಿದ್ದುಪಡಿಯನ್ನು ಕೊಟ್ಟೆ. ಗುಮಾಸ್ತರು ಅದನ್ನೂ ಪಕ್ಕದಲ್ಲಿ ಪಿನ್ ಮಾಡಿದರು.

“ಈಗ ಎರಡಾಯ್ತಲ್ಲ ಸಾರ್. ಯಾವುದನ್ನ ನಂಬಿ ಸಾಹೇಬರು ಸಹಿ ಹಾಕ್ತಾರೆ?”

ಮೇಷ್ಟ್ರು ರೈಫಲ್, ಕಿಟ್ ಎರಡನ್ನೂ ಸರ್ಕಾರಕ್ಕೆ ಒಪ್ಪಿಸುವ ಅರ್ಜಿ ಕೇಳಿದರು. ರೈಫಲ್ ಯಾಕೆ ಕೊಡುತ್ತೀರಿ ಎಂದೆ.

“ನನ್ ಭುಜ ತಡೀದೇ ಇರೋ ಬಂದೂಕ ಮಡಿಕ್ಕಂಡು ಪೂಜೆ ಮಾಡ್ಲಾ? ಬುಡಪ್ಪ, ಸಾಕು.”

ಸುದ್ದಿಯಲ್ಲಿ ತಪ್ಪಾದರೆ ತಿದ್ದಬಹುದು ಎಂದು ನಮಗೆ ಕಲಿಸಿದ್ದರು. ತಿದ್ದಿದ್ದರಿಂದ ಮೊದಲ ಸುದ್ದಿ ಅಳಿಯುವುದಿಲ್ಲ, ಎರಡೂ ಒಂದೇ ಕಡತದಲ್ಲಿ ಉಳಿಯುತ್ತವೆ ಎಂದು ಆ ದಿನ ಕಲಿತೆ.