ನಿಲ್ಲದ ರೈಲು

ಸಂಜೆಗೆ ಹೊಸದಾಗಿ ಮೂರು ರೈಲು ಬಿಟ್ಟಾಗ, ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದ ಆಕೆ ಮನೆಯಲ್ಲಿ ಒಂದು ಸುಳ್ಳು ಹೇಳಿದಳು. "ರೈಲೇನೋ ಬಂದಿದೆ, ನಮ್ಮ ಸ್ಟೇಷನ್ನಲ್ಲಿ ನಿಲ್ಲಲ್ಲ."

ರೈಲು ನಿಲ್ಲುತ್ತಿತ್ತು. ಆಕೆ ದಿನಾ ಅದರಲ್ಲೇ ಬಂದಿಳಿದು, ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನಲ್ಲಿ ಚಪ್ಪಲಿ ಬಿಚ್ಚಿ, ಕಾಲು ಚಾಚಿ ಕೂರುತ್ತಿದ್ದಳು. ಒಂದು ಗಂಟೆ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಆ ಹೊತ್ತಿನಲ್ಲಿ ಮನೆಯ ಒಲೆ ಅತ್ತೆಯ ಪಾಲಿಗಿತ್ತು.

ಒಂದು ಸಂಜೆ ಅತ್ತೆ ತರಕಾರಿ ಚೀಲ ಹಿಡಿದು, ಮೆಟ್ಟಿಲಿಗೊಮ್ಮೆ ಮೊಣಕಾಲು ಒತ್ತಿಕೊಳ್ಳುತ್ತಾ ಸ್ಟೇಷನ್ನಿನ ಮೇಲ್ಸೇತುವೆ ಇಳಿಯುತ್ತಿದ್ದರು. ಬೆಂಚಿನ ಮೇಲೆ ಸೊಸೆ!

"ಇವತ್ತು ಬೇಗ ಬಂದ್ಯಾ?"

ಆಕೆಗೆ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ. "ದಿನಾ ಇಷ್ಟೊತ್ತಿಗೇ ಬರ್ತೀನಿ, ಅತ್ತೆ."

"ಅಯ್ಯೋ! ಒಲೆ ಮುಂದೆ ನಿಂತು ಆ ರೈಲಿನವರಿಗೆ ಹಿಡಿಶಾಪ ಹಾಕ್ತಿದ್ನಲ್ಲೇ!" ಎಂದರು ಅತ್ತೆ. ಸೊಸೆ ಚೀಲ ಇಸಿದುಕೊಂಡು ತಲೆ ತಗ್ಗಿಸಿ ಹಿಂದೆ ನಡೆದಳು.

ಮನೆಯಲ್ಲಿ ಗಂಡ ಸೋಫಾದ ಮೇಲೆ ಒರಗಿದ್ದ. ಹೆಂಡತಿ ಇಷ್ಟು ಬೇಗ ಬಂದದ್ದನ್ನು ನೋಡಿ ಕೇಳಿದ, "ಏನು, ಹೊಸ ರೈಲು ನಮ್ಮಲ್ಲೂ ನಿಲ್ಲುತ್ತಾ? ಹಾಗಾದ್ರೆ ಇನ್ಮೇಲೆ ಊಟ ಬೇಗ."

"ಎಲ್ಲಿ ನಿಲ್ಲುತ್ತೋ!" ಎಂದರು ಅತ್ತೆ. "ಇವತ್ತೇನೋ ಸಿಗ್ನಲ್ ಸಿಗದೆ ನಿಂತಿತ್ತಂತೆ."

ಬಚಾವಾದೆ ಎಂದು ಸೊಸೆಗೆ ಅನಿಸಲಿಲ್ಲ. ಅತ್ತೆ ಗೋಡೆ ಹಿಡಿದು ಅಡುಗೆಮನೆಯತ್ತ ಕುಂಟುವುದನ್ನು ನೋಡಿ, ನೆಲ ಬಾಯ್ಬಿಡಬಾರದೇ ಅನಿಸಿತು. ಆಕೆ ಓಡಿ ಹೋಗಿ ಈಳಿಗೆಮಣೆ ಎಳೆದುಕೊಂಡಳು.

ಗಂಡ ಟೀವಿ ದನಿ ಏರಿಸಿದ.