ಸೀಲಿನ ಅಂಚು ಯಾವ ಕಡೆಗೆ

ಪಂಪು ರಿಪೇರಿಯಲ್ಲೇ ತಲೆ ನರೆತ ಅವರನ್ನು ಬೀದಿಯವರೆಲ್ಲ ಪಂಪು ಮಾವ ಎನ್ನುತ್ತಿದ್ದರು. ಆದರೆ ಹನ್ನೊಂದು ವರ್ಷಗಳಿಂದ ಅವರ ಮನಸ್ಸೆಲ್ಲ ಇದ್ದದ್ದು ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ. ಅಲ್ಲಿ ಅವರು ಎರಡು ಸೀಟಿನ ವಿಮಾನವೊಂದನ್ನು ತಮ್ಮ ಕೈಯಾರೆ ಕಟ್ಟುತ್ತಿದ್ದರು. "ಅದು ನನ್ನ ಸವತಿ" ಎಂದು ಗೊಣಗುತ್ತಲೇ ಹೆಂಡತಿ ರೆಕ್ಕೆಯ ಬಟ್ಟೆ ಹೊಲಿದುಕೊಟ್ಟಿದ್ದರು. ಹಾರಿಸಬೇಕಾದವಳು ಮಗಳು; ಮನೆಯಲ್ಲಿ ಲೈಸೆನ್ಸ್ ಇದ್ದದ್ದು ಅವಳೊಬ್ಬಳಿಗೇ.

ಎಂಜಿನ್ ಹಳೆಯ ಕಾರೊಂದರದ್ದು. ಅದರಲ್ಲಿ ಪಿಸ್ಟನ್ ಇಲ್ಲ, ಮೂರು ಮೂಲೆಯ ರೋಟರ್ ಗಿರಗಿರನೆ ಸುತ್ತುತ್ತದೆ. ಆ ವೇಗವನ್ನು ಪ್ರೊಪೆಲ್ಲರ್ ತಾಳಲಾರದು, ಅದಕ್ಕೇ ನಡುವೆ ಒಂದು ಗೇರ್‌ಬಾಕ್ಸ್. ತಲೆನೋವು ಶುರುವಾದದ್ದು ಇಲ್ಲೇ. ಪ್ರೊಪೆಲ್ಲರ್ ಶಾಫ್ಟಿನ ಸುತ್ತ ಕೂರುವ ರಬ್ಬರ್ ಸೀಲಿನಿಂದ ಎಣ್ಣೆ ಜಿನುಗತೊಡಗಿತು. ಗೇರ್‌ಬಾಕ್ಸಿಗೂ ಎಂಜಿನ್ನಿಗೂ ಎಣ್ಣೆ ಒಂದೇ; ಆಕಾಶದಲ್ಲಿ ಅದು ಖಾಲಿಯಾದರೆ ಕಥೆ ಮುಗಿಯಿತು. ಪಂಪು ಮಾವ ಮೂರು ಸಲ ಸೀಲು ಬದಲಾಯಿಸಿದರು, ಮೂರು ಸಲವೂ ಸೀಲು ಮಾಡಿದವರಿಗೆ ಹಿಡಿಶಾಪ ಹಾಕಿದರು. ಸೋರಿದರೆ ಮಾಲಿನ ತಪ್ಪು ಎನ್ನುವುದು ರಿಪೇರಿಯವರ ಹುಟ್ಟುಗುಣ. ಆಮೇಲೆ ಎಣ್ಣೆಯ ಬಿಸಿ ನೂರ ಹದಿನೈದು ಡಿಗ್ರಿ ತೋರಿಸಿದ್ದನ್ನು ಕಂಡು, "ಇದೇ ಕಳ್ಳ! ಎಣ್ಣೆ ಕಾದು ಸೀಲು ಬೇಯ್ತಿದೆ" ಎಂದು ದೊಡ್ಡ ಆಯಿಲ್ ಕೂಲರ್ ಕೂರಿಸಿದರು. ಬಿಸಿ ಎಂಬತ್ತೈದಕ್ಕೆ ಇಳಿಯಿತು, ಜಿನುಗುವುದೂ ನಿಂತಿತು. ತಪಾಸಣೆಯ ಅಧಿಕಾರಿ ನೋಡಿ ಸಹಿ ಹಾಕಿದರು. ಭಾನುವಾರ ಬೆಳಿಗ್ಗೆ ಮೊದಲ ಹಾರಾಟ ಎಂದು ನಿಶ್ಚಯವಾಯಿತು.

ಶನಿವಾರ ಮಧ್ಯಾಹ್ನ ಯಾರದೋ ಪಂಪು ರಿಪೇರಿಗೆ ಬಂತು. ಮಾವ ಗಿರಾಕಿಯ ಜೊತೆ ಹರಟುತ್ತಲೇ ಹೊಸ ಸೀಲನ್ನೆತ್ತಿ, ಕಣ್ಣು ಹಾಯಿಸದೆ ಬೆರಳಲ್ಲೇ ತಿರುವಿ, ತೆಳು ಅಂಚು ಹೊರಮುಖವಾಗಿ ಒತ್ತಿದರು. ಪಂಪಿನಲ್ಲಿ ಹಾಗೇ ಇರಬೇಕು, ಹೊರಗಿನ ನೀರು ಬೇರಿಂಗಿಗೆ ನುಗ್ಗಬಾರದು. ಗೇರ್‌ಬಾಕ್ಸಿನಲ್ಲಿ ತಡೆಯಬೇಕಾದದ್ದು ಒಳಗಿನ ಎಣ್ಣೆಯನ್ನು. ಅಲ್ಲಿ ಅಂಚು ಒಳಮುಖವಾಗಿರಬೇಕು. ಮಾವ ಹರಟೆ ನಿಲ್ಲಿಸಿ ತಮ್ಮ ಬೆರಳುಗಳನ್ನೇ ನೋಡಿದರು. ಅಲ್ಲೂ ಅವರು ಮೊದಲಿನದೂ ಸೇರಿ ನಾಲ್ಕೂ ಸೀಲುಗಳನ್ನು ಹೀಗೇ ಕೂರಿಸಿದ್ದರು. ಎಣ್ಣೆ ತಣ್ಣಗಾಗಿ ಮಂದವಾದ್ದರಿಂದ ಸೋರಲಿಲ್ಲ, ಅಷ್ಟೆ. ವಿಮಾನ ಪೂರ್ತಿ ಶಕ್ತಿಯಲ್ಲಿ ಮೇಲೇರುವಾಗ ಅದು ಮತ್ತೆ ಕಾಯುತ್ತದೆ.

ಬಿಚ್ಚಿದರೆ ತಪಾಸಣೆ ಮತ್ತೆ ಮೊದಲಿಂದ. ಅಧಿಕಾರಿ ತಿರುಗಿ ಬರಲು ಮೂರು ತಿಂಗಳು. ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯದು. ಹಾಗೊಂದು ಯೋಚನೆ ಸುಳಿದದ್ದಕ್ಕೇ ಮಾವನಿಗೆ ತಮ್ಮ ಮೇಲೆ ಹೇಸಿಗೆಯಾಯಿತು. ಎದ್ದು ಶೆಡ್ಡಿಗೆ ಹೋದರು. ಮಗಳು ಕಾಕ್‌ಪಿಟ್ಟಿನ ಗಾಜು ಒರೆಸುತ್ತಿದ್ದಳು.

"ನಾಳೆ ಹಾರೋದು ಬೇಡ ಕಣಮ್ಮ. ಸೀಲು ಉಲ್ಟಾ ಹಾಕಿದೀನಿ. ನಾಲ್ಕು ಸಲನೂ."

ಅವಳ ಮುಖ ಕೆಂಪಾಯಿತು. "ಪಂಪಿಗೆ ಹಾಕೋ ಥರನಾ?"

"ಹೂಂ. ಕೈ ತಾನಾಗೇ ಹಾಕಿಬಿಡ್ತು. ನಂಗೆ ಗೊತ್ತೇ ಆಗ್ಲಿಲ್ಲ."

ಅವಳು ಬಟ್ಟೆ ಮಡಿಸಿ ಪಕ್ಕಕ್ಕಿಟ್ಟಳು. "ಗೊತ್ತಾಗದ ಹಾಗೆ ನಿನ್ನ ಕೈ ಇನ್ನೇನೇನು ಮಾಡಿದೆಯಪ್ಪ?"

ಮಾವ ವಿಮಾನವನ್ನು ಮೂತಿಯಿಂದ ಬಾಲದವರೆಗೆ ನೋಡಿದರು. ಅವರ ಕೈ ಆಡದ ಒಂದು ಬೋಲ್ಟೂ ಅದರಲ್ಲಿರಲಿಲ್ಲ. "ಗೊತ್ತಿಲ್ಲ" ಎಂದರು.

"ಹಾಗಾದ್ರೆ ಎಲ್ಲಾ ಬಿಚ್ಚೋಣ." ಮಗಳು ಸ್ಪಾನರ್ ಪೆಟ್ಟಿಗೆಯನ್ನು ಎಳೆದುಕೊಂಡಳು. ಮಾವ ಕೈ ಚಾಚಿದರು.

"ನೀನು ಮುಟ್ಬೇಡ. ಬಾಯಲ್ಲಿ ಹೇಳು, ಸಾಕು."

ಪಂಪು ಮಾವ ಸ್ಟೂಲಿನ ಮೇಲೆ ಕೂತು, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಮೊದಲು ಬಿಚ್ಚಬೇಕಾದ ಬೋಲ್ಟ್ ಯಾವುದೆಂದು ಹೇಳಿದರು.